ಹಳೇ 800ಕ್ಕೆ ಚೇಂಬರ್ ಪ್ಯಾಕಿಂಗ್ ನಾನೇ ಹಾಕಿದ್ದು

ನಮ್ಮನೇಲಿರೋದು 2003ರ ಮಾರುತಿ 800, ಮಾವನವರು ಓಡಿಸ್ತಿದ್ದ ಗಾಡಿ. 2022ರ ಏಪ್ರಿಲ್‌ನಿಂದ ಹಳೇ ಕಾರಿನ ಆರ್‌ಸಿ ರಿನ್ಯೂವಲ್ ಫೀಸು 600ರಿಂದ 5000ಕ್ಕೆ ಏರಿದ್ಮೇಲೂ ಕಟ್ಟಿ ಇಟ್ಕೊಂಡಿದೀನಿ, ಅಷ್ಟು ಕಟ್ಟಿದ್ಮೇಲೆ ಗುಜರಿಗೆ ಹಾಕೋಕೆ ಮನಸ್ಸು ಬರುತ್ತಾ? ತೊಂದ್ರೆ ಏನಂದ್ರೆ ಪಾರ್ಕಿಂಗ್ ಟೈಲ್ಸ್ ಮೇಲೆ ಆಯಿಲ್ ತೊಟ್ಟಿಕ್ತಾ ಇತ್ತು, ಅಪಾರ್ಟ್‌ಮೆಂಟ್ ಸೆಕ್ರೆಟರಿ ಅಂಕಲ್ ಫೋಟೋ ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ಚೇಂಬರ್ ಅಂದ್ರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತಗಡಿನ ತಟ್ಟೆ, ಪ್ಯಾಕಿಂಗ್ ಅಂದ್ರೆ ಅದಕ್ಕೂ ಇಂಜಿನ್‌ಗೂ ಮಧ್ಯೆ ಆಯಿಲ್ ಸೋರದ ಹಾಗೆ ಕೂರೋ ಪಟ್ಟಿ. ಒಂದು ಗ್ಯಾರೇಜಲ್ಲಿ ತೋರ್ಸಿದಾಗ "ಚೇಂಬರ್ ಬೋಲ್ಟ್ ಲೂಸ್ ಸಾರ್, ಅಷ್ಟೇ" ಅಂತ ಎಲ್ಲಾನೂ ಬಿಗಿದು ಕಳ್ಸಿದ್ರು, ಸ್ವಲ್ಪ ದಿನ ನಿಂತ ಹಾಗೆ ಮಾಡಿ ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯ್ತು. ಯಾಕೆ ಹಾಗಾಯ್ತು ಅನ್ನೋದು ಬಿಚ್ಚಿದ್ಮೇಲೆ ಗೊತ್ತಾಯ್ತು, ಅದಕ್ಕೆ ಬರ್ತೀನಿ.

ಬಿಚ್ಚೋಕೆ ಮುಂಚೆ ಲೀಕ್ ನಿಜವಾಗ್ಲೂ ಚೇಂಬರ್‌ದೇನಾ ಅಂತ ನೋಡ್ಕೋಬೇಕು, ಯಾಕಂದ್ರೆ ಆಯಿಲ್ ಎಲ್ಲಿಂದ ಸೋರಿದ್ರೂ ಕೊನೆಗೆ ಬಂದು ನಿಲ್ಲೋದು ಚೇಂಬರ್ ತಳದಲ್ಲೇ. ಮೇಲೆ ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಪ್ಯಾಕಿಂಗ್ ಹೋಗಿದ್ರೂ, ಆಯಿಲ್ ಪ್ರೆಶರ್ ಸ್ವಿಚ್ ಜಿನುಗ್ತಿದ್ರೂ, ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗೋ ಶಾಫ್ಟ್) ಮುಂದಿನ ಸೀಲ್ ಹೋಗಿದ್ರೂ ಕೆಳಗಡೆ ನೋಡಿದವರಿಗೆ ಚೇಂಬರ್ ಲೀಕ್ ಥರಾನೇ ಕಾಣತ್ತೆ. ನಾನು ಮಾಡಿದ್ದು ಇಷ್ಟೇ, ಇಂಜಿನ್ ಅಡಿಭಾಗ ಪೂರ್ತಿ ಸೀಮೆಎಣ್ಣೆ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಒಣಗಿದ್ಮೇಲೆ ಟಾಲ್ಕಂ ಪೌಡರ್ ಉದುರಿಸಿ ಒಂದು ರೌಂಡ್ ಹೊಡ್ಕೊಂಡು ಬಂದೆ. ವಾಪಸ್ ಬಂದು ಟಾರ್ಚ್ ಬಿಟ್ರೆ ಮೇಲೆಲ್ಲ ಬೆಳ್ಳಗೇ ಇತ್ತು, ಚೇಂಬರ್ ಅಂಚಿನ ಉದ್ದಕ್ಕೂ ಮಾತ್ರ ಪೌಡರ್ ಒದ್ದೆಯಾಗಿ ಕಂದು ಗೆರೆ ಎದ್ದಿತ್ತು. ಗೇರ್‌ಬಾಕ್ಸೂ ಇಂಜಿನ್ನೂ ಸೇರೋ ಜಾಗದ ಕೆಳಗಿಂದ ತೊಟ್ಟಿಕ್ತಿದ್ರೆ ಅದು ಹಿಂದಿನ ಕ್ರ್ಯಾಂಕ್ ಸೀಲ್ ಇರಬಹುದು, ಅದಕ್ಕೆ ಗೇರ್‌ಬಾಕ್ಸ್ ಇಳಿಸ್ಬೇಕು, ಮನೇಲಿ ಕೈ ಹಾಕೋ ಕೆಲಸ ಅಲ್ಲ.

ಇನ್ನೊಂದು, ಇಂಜಿನ್ ಒಳಗಿನ ಹವೆ ಆಚೆ ಬಿಡೋ ಬ್ರೀದರ್ ಪೈಪ್ ನೋಡಿ. ಅದು ಮಡ್ಡಿ ಕಟ್ಟಿ ಮುಚ್ಕೊಂಡ್ರೆ ಇಂಜಿನ್ ಒಳಗೆ ಪ್ರೆಶರ್ ಏರಿ ಸಿಕ್ಕ ಸಿಕ್ಕ ಸಂದಿಯಿಂದ ಆಯಿಲ್ ತಳ್ಳತ್ತೆ, ಆಗ ಎಷ್ಟು ಒಳ್ಳೇ ಪ್ಯಾಕಿಂಗ್ ಹಾಕಿದ್ರೂ ಅಷ್ಟೇ. ನಂದು ಪೂರ್ತಿ ಬ್ಲಾಕ್ ಏನಾಗಿರ್ಲಿಲ್ಲ, ಆದ್ರೂ ಬಿಚ್ಚಿ ತೊಳೆದೆ.

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋಗಿದ್ದೆ, ಬಸ್ಸಲ್ಲೇ, ಅಲ್ಲಿ ಗಾಡಿ ಪಾರ್ಕ್ ಮಾಡೋದು ಚೇಂಬರ್ ಬಿಚ್ಚೋದಕ್ಕಿಂತ ಕಷ್ಟ. ಅಂಗಡಿಯವರು "ಕಾರ್ಕ್ ಕೊಡ್ಲಾ ರಬ್ಬರ್ ಕೊಡ್ಲಾ ಸಾರ್" ಅಂದ್ರು, ಕಾರ್ಕ್ ತಗೊಂಡೆ. ಜೊತೆಗೆ ಒಂದು ಟ್ಯೂಬ್ ಅನಾಬಾಂಡ್ (ಸಂದಿ ಮುಚ್ಚೋ ಸಿಲಿಕಾನ್ ಅಂಟು), ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್, ಆಯಿಲ್ ಫಿಲ್ಟರ್, ಸೈಲೆನ್ಸರ್ ಪ್ಯಾಕಿಂಗ್, 20ಡಬ್ಲ್ಯೂ-40 ಆಯಿಲ್. ಪ್ಯಾಕಿಂಗ್‌ಗಿಂತ ಆಯಿಲ್ ದುಡ್ಡೇ ಜಾಸ್ತಿ. ಮನೆಗೆ ಬಂದು ಹೊಸ ಪ್ಯಾಕಿಂಗ್ ಬಿಚ್ಚಿ ನೋಡಿದ್ರೆ ಕಾರ್ಕ್ ಒಣಗಿ ಸ್ವಲ್ಪ ಕುಗ್ಗಿತ್ತು, ಅಂಗಡಿ ಶೆಲ್ಫಲ್ಲಿ ತುಂಬಾ ದಿನ ಕೂತಿದ್ರೆ ಹಾಗಾಗತ್ತೆ, ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆ ಹಾಕಿದ್ರೆ ಮತ್ತೆ ತನ್ನ ಸೈಜಿಗೆ ಬರತ್ತೆ.

ಜಾಕ್ ವಿಷ್ಯದಲ್ಲಿ ಮಾತ್ರ ದಮ್ಮಯ್ಯ ಅಂತೀನಿ. ಗಾಡಿ ಜೊತೆ ಬರೋ ಜಾಕ್ ಮೇಲೆ ನಂಬ್ಕೊಂಡು ಅಡಿಗೆ ಹೋಗ್ಬೇಡಿ, ಹಾಲೋ ಬ್ಲಾಕ್ ಇಡ್ಬೇಡಿ, ಅದು ಯಾವ ಸೂಚನೇನೂ ಕೊಡದೆ ಪುಡಿಪುಡಿ ಆಗತ್ತೆ. ಜಾಕ್ ಸ್ಟ್ಯಾಂಡ್ ಎರಡು ಬೇಕೇ ಬೇಕು, ಹಿಂದಿನ ಚಕ್ರಕ್ಕೆ ಕಲ್ಲು, ಹ್ಯಾಂಡ್‌ಬ್ರೇಕ್, ಆಮೇಲೆ ಮೇಲಿಂದ ಗಾಡೀನ ಜೋರಾಗಿ ಅಲ್ಲಾಡ್ಸಿ ನೋಡಿ ಅಡಿಗೆ ಹೋಗಿ.

ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ 17 ನಂಬರ್ ಸ್ಪ್ಯಾನರಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಇಳ್ಸಿದೆ. ಸೈಲೆನ್ಸರ್ ಮುಂದಿನ ಪೈಪ್ ಅಡ್ಡ ಬರೋದ್ರಿಂದ ಅದನ್ನೂ ಬಿಚ್ಚಬೇಕು, ಆ ನಟ್‌ಗಳು ತುಕ್ಕು ಹಿಡಿದು ಕಲ್ಲಾಗಿರತ್ತೆ, ಹಿಂದಿನ ರಾತ್ರೀನೇ ಡಬ್ಲ್ಯುಡಿ-40 ಹೊಡೆದು ಬಿಟ್ಟಿದ್ದೆ. ಚೇಂಬರ್ ಸುತ್ತ ಇರೋ ಬೋಲ್ಟ್‌ಗಳೆಲ್ಲ 10 ನಂಬರ್. ಎಲ್ಲಾ ಬಿಚ್ಚಿದ್ರೂ ಚೇಂಬರ್ ಕೆಳಗೆ ಬೀಳಲ್ಲ, ಅಂಟ್ಕೊಂಡಿರತ್ತೆ. ಸ್ಕ್ರೂಡ್ರೈವರ್ ತುರುಕಿ ಮೀಟಿದ್ರೆ ಅಂಚು ಬಗ್ಗತ್ತೆ, ಅದರ ಬದ್ಲು ರಬ್ಬರ್ ಸುತ್ತಿಗೇಲಿ ಪಕ್ಕದಿಂದ ತಟ್ಟಿ, ಪೇಂಟರ್‌ಗಳ ಹತ್ರ ಇರತ್ತಲ್ಲ ತೆಳು ಪಟ್ಟಿ, ಅದನ್ನ ಮೂಲೇಲಿ ಸೇರ್ಸಿ ನಿಧಾನಕ್ಕೆ ಬಿಡ್ಸಿದೆ.

ಹಳೇ ಪ್ಯಾಕಿಂಗ್ ಹಪ್ಪಳದ ಥರ ಮುರಿದು ಮುರಿದು ಬಂತು. ಅದರ ಮೇಲೂ ಕೆಳಗೂ ಯಾರೋ ಧಾರಾಳವಾಗಿ ಸಿಲಿಕಾನ್ ಮೆತ್ತಿದ್ರು, ಒಳಗಡೆಗೆ ಹಿಂಡ್ಕೊಂಡು ಬಂದಿದ್ದು ಕಿತ್ತು ಬಿದ್ದು ಆಯಿಲ್ ಪಂಪಿನ ಜಾಲರಿ ಮೇಲೆ ಕೂತಿತ್ತು, ಉಗುರಿನಷ್ಟು ದೊಡ್ಡ ತುಂಡು! ಜಾಲರಿ ಪೂರ್ತಿ ಮುಚ್ಕೊಂಡಿದ್ರೆ ಇಂಜಿನ್‌ಗೆ ಆಯಿಲ್ಲೇ ಏರ್ತಿರ್ಲಿಲ್ಲ, ಬೇರಿಂಗ್ ಎಲ್ಲ ಹೋಗಿರೋದು. ಟ್ಯೂಬ್ ಪೂರ್ತಿ ಹಿಂಡೋರಿಗೆ ಈ ಜಾಲರಿ ತೋರಿಸ್ಬೇಕು ಅನ್ನಿಸ್ತು. ತಳದಲ್ಲಿ ಕಪ್ಪು ಮಡ್ಡಿ ಇತ್ತು, ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದು ನೋಡ್ದೆ, ಮಿನುಗೋ ಲೋಹದ ಚೂರು ಇದ್ರೆ ಬೇರಿಂಗ್ ಸವೀತಿದೆ ಅಂತರ್ಥ, ಪುಣ್ಯಕ್ಕೆ ಇರ್ಲಿಲ್ಲ.

ಈಗ ಅಸಲು ವಿಷ್ಯ. ಚೇಂಬರ್ ತೊಳೆದು, ಅಡುಗೆ ಕಟ್ಟೆ ಮಾಡ್ಸಿದಾಗ ಉಳಿದಿದ್ದ ಗ್ರಾನೈಟ್ ತುಂಡಿನ ಮೇಲೆ ಬೋರಲು ಹಾಕಿ ಒಳಗಡೆ ಟಾರ್ಚ್ ಇಟ್ಟೆ. ಬೋಲ್ಟ್ ತೂತು ಇರೋ ಕಡೆ ಮಾತ್ರ ಅಂಚು ಕಲ್ಲಿಗೆ ತಾಗಿದೆ, ಎರಡು ತೂತಿನ ಮಧ್ಯೆ ಎಲ್ಲಾ ಕಡೆ ಬೆಳಕಿನ ಗೆರೆ! ಬೋಲ್ಟ್ ಅತಿಯಾಗಿ ಬಿಗಿದು ಬಿಗಿದು ತೆಳು ತಗಡು ತೂತಿನ ಸುತ್ತ ಮೇಲಕ್ಕೆ ಉಬ್ಬಿಬಿಟ್ಟಿದೆ, ಇನ್ನೂ ಬಿಗಿದಷ್ಟೂ ಮಧ್ಯದ ಸಂದಿ ಜಾಸ್ತಿ ಆಗತ್ತೆ. ಗ್ಯಾರೇಜಲ್ಲಿ ಟೈಟ್ ಮಾಡಿದ್ಮೇಲೆ ಲೀಕ್ ಜಾಸ್ತಿ ಆಗಿದ್ದು ಇದಕ್ಕೇ. ಇದನ್ನ ಸರಿ ಮಾಡದೆ ಎಂಥಾ ಪ್ಯಾಕಿಂಗ್ ಹಾಕಿದ್ರೂ ಮತ್ತೆ ಸೋರತ್ತೆ. ಅಂಚಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು, ಪ್ಯಾಕಿಂಗ್ ಕೂರೋ ಕಡೆಯಿಂದ ಒಂದೊಂದೇ ಉಬ್ಬನ್ನ ಸಣ್ಣ ಸುತ್ತಿಗೇಲಿ ತಟ್ತಾ, ಮತ್ತೆ ಗ್ರಾನೈಟ್ ಮೇಲಿಟ್ಟು ನೋಡ್ತಾ, ಬೆಳಕು ನಿಲ್ಲೋವರೆಗೂ ಮಾಡ್ದೆ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಇದೇ, ತುಂಬಾ ಜನ ಮಾಡದೇ ಬಿಡೋದೂ ಇದೇ.

ಮೇಲೆ ಇಂಜಿನ್ ಬ್ಲಾಕ್ ಕಡೆ ಅಂಟಿದ್ದ ಹಳೇ ಸಿಲಿಕಾನ್ ಕೆರೆದು ಪೆಟ್ರೋಲ್ ಬಟ್ಟೇಲಿ ಒರೆಸ್ದೆ, ಎಣ್ಣೆ ಪಸೆ ಇದ್ರೆ ಏನೂ ಹಿಡಿಯಲ್ಲ. ಅನಾಬಾಂಡ್ ಹಾಕಿದ್ದು ಮುಂದೆ ಆಯಿಲ್ ಪಂಪ್ ಕೇಸೂ ಹಿಂದೆ ಸೀಲ್ ಹೌಸಿಂಗೂ ಬ್ಲಾಕಿಗೆ ಸೇರೋ ಮೂಲೆಗಳಿಗೆ ಮಾತ್ರ, ಕಾಳಿನಷ್ಟು. ಉಳಿದ ಕಡೆ ಕಾರ್ಕ್‌ಗೆ ಏನೂ ಸವರದೇ ಹಾಗೇ ಕೂರಿಸ್ಬೇಕು, ಸಿಲಿಕಾನ್ ಸವರಿದ್ರೆ ಬಿಗಿಯುವಾಗ ಕಾರ್ಕ್ ಜಾರಿ ಹೊರಗೆ ಬರತ್ತೆ. ಮಲ್ಕೊಂಡು ಚೇಂಬರ್ ಎತ್ತುವಾಗ ಪ್ಯಾಕಿಂಗ್ ಸರಿಯದ ಹಾಗೆ ನಾಲ್ಕು ಕಡೆ ತೂತಲ್ಲಿ ಹೊಲಿಗೆ ದಾರ ಕಟ್ಟಿದ್ದೆ, ಅಕ್ಕಪಕ್ಕದ ಬೋಲ್ಟ್ ಹಿಡಿದ್ಮೇಲೆ ಕತ್ತರಿಸಿ ಎಳೆದ್ರಾಯ್ತು. ಮೊದಲು ಎಲ್ಲಾ ಬೋಲ್ಟ್ ಕೈಯಲ್ಲೇ, ಆಮೇಲೆ ಮಧ್ಯದಿಂದ ಶುರು ಮಾಡಿ ಎರಡೂ ತುದಿಗೆ, ಎದುರುಬದುರು, ಎರಡು ಹಂತದಲ್ಲಿ. 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಟಾರ್ಕ್ ರೆಂಚ್ ಇಲ್ದಿದ್ರೆ ಚಿಕ್ಕ ಸ್ಪ್ಯಾನರನ್ನ ಎರಡೇ ಬೆರಳಲ್ಲಿ ಹಿಡಿದು ಬಿಗೀರಿ. ಕಾರ್ಕ್ ಸ್ವಲ್ಪ ಉಬ್ಬಿದ ಹಾಗೆ ಕಂಡ್ರೆ ಅಲ್ಲಿಗೆ ನಿಲ್ಲಿಸ್ಬೇಕು.

ಅನಾಬಾಂಡ್ ಒಣಗ್ಲಿ ಅಂತ ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಫಿಲ್ಟರ್ ಹಾಕಿ ಡಿಪ್‌ಸ್ಟಿಕ್ ನೋಡ್ಕೊಂಡು ಆಯಿಲ್ ತುಂಬಿದೆ. ಸ್ಟಾರ್ಟ್ ಮಾಡಿ ಆಯಿಲ್ ಲೈಟ್ ಆರೋದನ್ನ ನೋಡಿ, ನಾಯಂಡಹಳ್ಳಿವರೆಗೂ ಹೋಗಿ ಬಂದು, ತಣ್ಣಗಾದ್ಮೇಲೆ ಬೋಲ್ಟ್ ಮತ್ತೊಮ್ಮೆ ಮುಟ್ಟಿ ನೋಡಿದೆ, ಒಂದೆರಡು ಕೂದಲೆಳೆಯಷ್ಟು ತಿರುಗಿದ್ವು. ಕೆಳಗೆ ಹಾಸಿದ್ದ ರಟ್ಟು ಒಣಗೇ ಇದೆ, ಸೆಕ್ರೆಟರಿ ಅಂಕಲ್‌ಗೆ ಅದರ ಫೋಟೋನೂ ಗ್ರೂಪಲ್ಲೇ ಹಾಕಿದೆ, ಥಂಬ್ಸ್ ಅಪ್ ಬಂತು.

ಇಳಿಸಿದ ಹಳೇ ಆಯಿಲ್ ಚರಂಡಿಗೆ ಸುರಿಬೇಡಿ, ಅದು ಸೀದಾ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಕ್ಯಾನಲ್ಲಿ ತುಂಬಿ ಸರ್ವಿಸ್ ಸೆಂಟರ್‌ಗೆ ಕೊಟ್ರೆ ಅವರ ಡ್ರಮ್ಮಿಗೆ ಹಾಕ್ಕೋತಾರೆ, ರೀ-ರಿಫೈನಿಂಗ್ ಮಾಡೋರು ಅದನ್ನ ಕೊಂಡ್ಕೋತಾರೆ. ನಾನು ಹೊಸ ಆಯಿಲ್‌ನ ಖಾಲಿ ಕ್ಯಾನಲ್ಲೇ ತುಂಬಿ ಕೊಟ್ಟು ಬಂದೆ.