ಆಸ್ಕರ್‌ಗೆ ನಾಮನಿರ್ದೇಶನಗೊಂಡ ಚಿತ್ರಗಳನ್ನು ತೂಗಿ ನೋಡುವುದು ಹೇಗೆ?

ಆಸ್ಕರ್ ಪ್ರಶಸ್ತಿಯ ನಾಮನಿರ್ದೇಶನಗಳು ಸಾಮಾನ್ಯವಾಗಿ ಜನವರಿಯಲ್ಲಿ ಪ್ರಕಟವಾಗುತ್ತವೆ. ಸಮಾರಂಭ ನಡೆಯುವುದು ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ. ಈ ನಡುವಿನ ವಾರಗಳಲ್ಲಿ ಅತ್ಯುತ್ತಮ ಚಿತ್ರ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿ, ತಮ್ಮದೇ ತೀರ್ಪು ಕೊಡಬೇಕೆಂದು ಬಯಸುವವರು ಅನೇಕರಿದ್ದಾರೆ. ದಶಕಗಳ ಕಾಲ ಐದೇ ಚಿತ್ರಗಳಿದ್ದ ಈ ವಿಭಾಗವನ್ನು 2010ರ ಸಮಾರಂಭಕ್ಕೆ ಹತ್ತಕ್ಕೆ ಏರಿಸಲಾಯಿತು. ಆಮೇಲೆ ಕೆಲವು ವರ್ಷ ಸಂಖ್ಯೆ ಹೆಚ್ಚುಕಡಿಮೆಯಾಗುತ್ತಿದ್ದು, 2022ರ ಸಮಾರಂಭದಿಂದ ಹತ್ತು ಎಂದೇ ನಿಗದಿಯಾಗಿದೆ. ಐದು ಚಿತ್ರಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಹೋಲಿಸಬಹುದು. ಹತ್ತಾದರೆ ಮೊದಲು ನೋಡಿದ ಚಿತ್ರ ಮಸುಕಾಗಿ, ಕೊನೆಗೆ ನೋಡಿದ್ದೇ ದೊಡ್ಡದಾಗಿ ಕಾಣತೊಡಗುತ್ತದೆ. ಆದ್ದರಿಂದ ಒಂದು ಕ್ರಮ ಬೇಕಾಗುತ್ತದೆ.

ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಎಲ್ಲರಿಗೂ ತಟ್ಟನೆ ಹೊಳೆಯುವ ಉಪಾಯ. ನನ್ನ ಅಭಿಪ್ರಾಯದಲ್ಲಿ ಅಂಕ ಟಿಪ್ಪಣಿಗೆ ಮಾತ್ರ ಯೋಗ್ಯ, ತೀರ್ಪಿಗೆ ಅಲ್ಲ. ನಾಮನಿರ್ದೇಶನದ ಮಟ್ಟಕ್ಕೆ ಬಂದ ಚಿತ್ರಗಳಲ್ಲಿ ತೀರಾ ಕಳಪೆಯಾದವು ವಿರಳ. ಹಾಗಾಗಿ ಅಂಕಗಳೆಲ್ಲ ಏಳರಿಂದ ಒಂಬತ್ತರ ನಡುವೆ ಗುಂಪುಗೂಡುತ್ತವೆ, ಮತ್ತು ಎಂಟು ಪಡೆದ ನಾಲ್ಕು ಚಿತ್ರಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ. ಇದಕ್ಕಿಂತ ಹೆಚ್ಚಿನ ತೊಡಕೆಂದರೆ, ಮೊದಲ ಚಿತ್ರಕ್ಕೆ ಎಂಟು ಕೊಟ್ಟಾಗ ನಮ್ಮ ಮುಂದೆ ಬೇರೆ ಯಾವ ಚಿತ್ರವೂ ಇರಲಿಲ್ಲ; ಏಳನೆಯದಕ್ಕೆ ಎಂಟು ಕೊಡುವ ಹೊತ್ತಿಗೆ ಅಳತೆಗೋಲೇ ಬದಲಾಗಿರುತ್ತದೆ.

ಅಂಕದ ಬದಲು ಸ್ಥಾನ ಕೊಡಿ. ಎರಡನೆಯ ಚಿತ್ರ ನೋಡಿದ ಕೂಡಲೇ ಅದು ಮೊದಲನೆಯದಕ್ಕಿಂತ ಮೇಲೋ ಕೆಳಗೋ ಎಂದು ತೀರ್ಮಾನಿಸಿ. ಆನಂತರ ನೋಡಿದ ಪ್ರತಿ ಚಿತ್ರವನ್ನೂ ಆಗಲೇ ಸಿದ್ಧವಾಗಿರುವ ಪಟ್ಟಿಯ ನಟ್ಟನಡುವಿನ ಚಿತ್ರದೊಡನೆ ಮೊದಲು ಹೋಲಿಸಿ. ಮೇಲು ಎನಿಸಿದರೆ ಮೇಲಿನ ಅರ್ಧದ ನಡುವಿನದರೊಡನೆ, ಅಲ್ಲವಾದರೆ ಕೆಳಗಿನ ಅರ್ಧದ ನಡುವಿನದರೊಡನೆ ಹೋಲಿಸುತ್ತ ಹೋದರೆ, ಹತ್ತನೆಯ ಚಿತ್ರಕ್ಕೂ ನಾಲ್ಕಕ್ಕಿಂತ ಹೆಚ್ಚು ಹೋಲಿಕೆ ಬೇಕಾಗುವುದಿಲ್ಲ. ಪ್ರತಿ ಜೋಡಿಯನ್ನೂ ಹೋಲಿಸಲು ಹೊರಟರೆ ನಲವತ್ತೈದು ಹೋಲಿಕೆಗಳಾಗುತ್ತವೆ. ಅಷ್ಟು ತಾಳ್ಮೆ ಯಾರಿಗೂ ಇರಲಾರದು.

ಹೋಲಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಖಚಿತವಾಗಿರಬೇಕು. ಯುದ್ಧದ ಚಿತ್ರವನ್ನೂ ಹಾಸ್ಯಚಿತ್ರವನ್ನೂ ಎದುರುಬದುರು ಇಟ್ಟು ಯಾವುದು ದೊಡ್ಡ ವಿಷಯವನ್ನು ಎತ್ತಿಕೊಂಡಿದೆ ಎಂದು ಕೇಳಿದರೆ ಹಾಸ್ಯ ಪ್ರತಿ ಸಲವೂ ಸೋಲುತ್ತದೆ. ವಿಷಯದ ಗಾಂಭೀರ್ಯ ಚಿತ್ರದ ಗುಣವಲ್ಲ. ತಾನು ಕೈಗೆತ್ತಿಕೊಂಡ ಕೆಲಸವನ್ನು ಯಾವ ಚಿತ್ರ ಹೆಚ್ಚು ಪೂರ್ಣವಾಗಿ ಮಾಡಿ ಮುಗಿಸಿದೆ, ಯಾವುದನ್ನು ಮತ್ತೊಮ್ಮೆ ನೋಡಿದರೆ ಇನ್ನಷ್ಟು ಸಿಗಬಹುದು ಎಂಬ ಎರಡು ಪ್ರಶ್ನೆಗಳೇ ಬಹುಪಾಲು ಜೋಡಿಗಳಿಗೆ ಸಾಕು.

ಕೌಶಲದ ವಿಭಾಗಗಳನ್ನು ತೂಗುವುದು ಇದಕ್ಕಿಂತ ಕಷ್ಟ, ಮತ್ತು ಸ್ವಾರಸ್ಯಕರ. ನಾಮನಿರ್ದೇಶನದ ಹಂತದಲ್ಲಿ ಸಂಕಲನಕ್ಕೆ ಸಂಕಲನಕಾರರು, ನಟನೆಗೆ ನಟನಟಿಯರು ಹೀಗೆ ಆಯಾ ಕಸುಬಿನವರೇ ಮತ ಹಾಕುತ್ತಾರೆ. ಅಂತಿಮ ಸುತ್ತಿನಲ್ಲಿ ಮಾತ್ರ ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯ ಸದಸ್ಯರೆಲ್ಲರಿಗೂ ಎಲ್ಲ ವಿಭಾಗಗಳಲ್ಲಿ ಮತವಿರುತ್ತದೆ. ಹೀಗಾಗಿ ಒಂದು ಚಿತ್ರ ಶಬ್ದ ವಿಭಾಗದಲ್ಲಿ ನಾಮನಿರ್ದೇಶನ ಪಡೆದಿದೆಯೆಂದರೆ ಶಬ್ದದ ಕೆಲಸ ಬಲ್ಲವರು ಅದರಲ್ಲಿ ಏನನ್ನೋ ಕೇಳಿದ್ದಾರೆ ಎಂದೇ ಅರ್ಥ, ಅದೇನೆಂದು ಹುಡುಕುವ ಹೊಣೆ ನಮ್ಮದು.

ಸಂಕಲನವನ್ನು ಅಳೆಯಲು ಓಟ, ಹೊಡೆದಾಟಗಳ ದೃಶ್ಯವನ್ನು ಬಿಟ್ಟು, ಇಬ್ಬರು ಕುಳಿತು ಮಾತಾಡುವ ದೃಶ್ಯವೊಂದನ್ನು ಆರಿಸಿಕೊಳ್ಳಿ. ಒಬ್ಬಾಕೆ ಸಾವಿನ ಸುದ್ದಿ ತಿಳಿಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಮಾತಾಡುವವಳ ಮುಖ ತೆರೆಯ ಮೇಲಿದೆಯೋ ಕೇಳುವವನದೋ? ಕೇಳುವವನ ಮುಖಕ್ಕೆ ದೃಶ್ಯ ಬದಲಾಗುವುದು ಸುದ್ದಿ ಮುಗಿದ ಮೇಲೋ, ಅದು ಅವನಿಗೆ ಹೊಳೆಯುವ ಅರೆಕ್ಷಣ ಮೊದಲೋ? ಅವನು ಏಳುವುದನ್ನು ತೋರಿಸಿದ್ದಾರೋ, ಖಾಲಿ ಕುರ್ಚಿಯನ್ನು ಮಾತ್ರವೋ? ಇವೆಲ್ಲ ಸಂಕಲನದ ಮೇಜಿನ ಮೇಲೆ ಇತ್ಯರ್ಥವಾಗುವ ಸಂಗತಿಗಳು; ವೇಗವಾದ ಕತ್ತರಿಯನ್ನೇ ಒಳ್ಳೆಯ ಸಂಕಲನವೆಂದು ನಂಬಿದವರ ಕಣ್ಣಿಗೆ ಇವು ಬೀಳುವುದೇ ಇಲ್ಲ.

ಛಾಯಾಗ್ರಹಣದಲ್ಲೂ ಇಂಥದೇ ಒಂದು ಮೋಸವಿದೆ: ಮರುಭೂಮಿ, ಹಿಮಪರ್ವತ, ಸೂರ್ಯಾಸ್ತ ಬಂದ ಕೂಡಲೇ ನಾವು ಕ್ಯಾಮೆರಾವನ್ನು ಹೊಗಳುತ್ತೇವೆ, ಹೊಗಳಿಕೆ ಸಲ್ಲಬೇಕಾದದ್ದು ಬಹಳ ಸಲ ಭೂದೃಶ್ಯಕ್ಕೆ. ಸಾಧಾರಣ ಕೋಣೆಯೊಂದರಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ, ಕಥೆ ಮುಂದುವರಿದಂತೆ ಅದೇ ಕೋಣೆ ಬೇರೆಯಾಗಿ ಕಾಣುತ್ತದೆಯೇ ಎಂದು ಗಮನಿಸಿ. ಶಬ್ದಕ್ಕಾದರೆ ಕೆಲವು ನಿಮಿಷ ಕಣ್ಣು ಮುಚ್ಚಿಕೊಳ್ಳುವುದೇ ಸರಿಯಾದ ದಾರಿ. ಶಬ್ದ ಸಂಕಲನ, ಶಬ್ದ ಮಿಶ್ರಣ ಎಂಬ ಎರಡು ಪ್ರತ್ಯೇಕ ಪ್ರಶಸ್ತಿಗಳನ್ನು 2021ರ ಸಮಾರಂಭದಿಂದ ಒಂದಾಗಿಸಿರುವುದರಿಂದ ಆ ವ್ಯತ್ಯಾಸಕ್ಕೆ ಪ್ರೇಕ್ಷಕ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ನಟನೆಯ ವಿಷಯದಲ್ಲಿ ಎಲ್ಲರೂ ತಜ್ಞರೇ. ತೂಕ ಇಳಿಸಿಕೊಂಡದ್ದು, ಮೂಗಿನ ಆಕಾರ ಬದಲಿಸಿಕೊಂಡದ್ದು, ಪ್ರಸಿದ್ಧ ವ್ಯಕ್ತಿಯೊಬ್ಬರ ಮಾತಿನ ಧಾಟಿಯನ್ನು ಹಾಗೆಯೇ ಹಿಡಿದದ್ದು ತಕ್ಷಣ ಎದ್ದು ಕಾಣುತ್ತದೆ. ಅದರಲ್ಲಿ ಶ್ರಮವೂ ಇರುತ್ತದೆ. ಆದರೆ ಮಾತಿಲ್ಲದ ಹೊತ್ತಿನಲ್ಲಿ, ಎದುರಿನ ಪಾತ್ರದ ಮಾತು ಕೇಳಿಸಿಕೊಳ್ಳುವಾಗ ಆ ನಟ ಏನು ಮಾಡುತ್ತಾನೆ ಎಂಬುದನ್ನು ನೋಡದೆ ಯಾರನ್ನೂ ಮೊದಲ ಸ್ಥಾನಕ್ಕೆ ಏರಿಸಬೇಡಿ. ಚಿತ್ರಕಥೆಗೆ ಮೂಲ, ರೂಪಾಂತರ ಎಂಬ ಎರಡು ವಿಭಾಗಗಳಿವೆ. ರೂಪಾಂತರವನ್ನು ತೂಗಲು ಮೂಲ ಕೃತಿಯನ್ನು ಓದಲೇಬೇಕೆಂಬ ಹಟ ಬೇಡ, ಏಕೆಂದರೆ ಚಿತ್ರ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ನೋಡುವ ರೀತಿಯೂ ತೀರ್ಪನ್ನು ಅತ್ತಿತ್ತ ತಳ್ಳುತ್ತದೆ. ಒಂದನ್ನು ಥಿಯೇಟರಿನಲ್ಲಿ, ಇನ್ನೊಂದನ್ನು ಫೋನಿನ ಪರದೆಯ ಮೇಲೆ ಮೂರು ಕಂತುಗಳಲ್ಲಿ ನೋಡಿದ್ದರೆ ಆ ಹೋಲಿಕೆ ನ್ಯಾಯವಾದದ್ದಲ್ಲ. ಕನಿಷ್ಠ ಪಕ್ಷ ಅದನ್ನು ಟಿಪ್ಪಣಿಯಲ್ಲಿ ಬರೆದಿಡಿ. ಸುದೀರ್ಘ ಚಿತ್ರವನ್ನು ದಣಿದ ರಾತ್ರಿಗೆ ಇಟ್ಟುಕೊಳ್ಳಬೇಡಿ. ಚಿತ್ರ ಮುಗಿದ ಮೇಲೆ, ವಿಮರ್ಶೆ ಓದುವ ಮೊದಲು, ಸ್ನೇಹಿತರಿಗೆ ಕರೆ ಮಾಡುವ ಮೊದಲು ನಾಲ್ಕು ಸಾಲು ಬರೆಯಿರಿ. ‘ಚೆನ್ನಾಗಿದೆ’ ಎಂಬ ಸಾಲು ವಾರ ಕಳೆದ ಮೇಲೆ ಯಾವ ಉಪಯೋಗಕ್ಕೂ ಬಾರದು. ‘ತಾಯಿ ಊರಿಗೆ ಹೊರಟ ಮೇಲೆ ಎರಡು ಸಲ ಗಡಿಯಾರ ನೋಡಿದೆ, ಮಗಳು ಬೀಗ ಒಡೆಯುವಲ್ಲಿ ಮತ್ತೆ ಹಿಡಿತ ಸಿಕ್ಕಿತು’ ಎಂಬುದು ಬರುತ್ತದೆ. ಕೊನೆಯ ಚಿತ್ರ ನೋಡಿ ಮೂರ್ನಾಲ್ಕು ದಿನ ಬಿಟ್ಟು ಇಡೀ ಪಟ್ಟಿಯನ್ನು ಈ ಟಿಪ್ಪಣಿಗಳ ಜೊತೆ ಒಮ್ಮೆ ತಿದ್ದಬೇಕು, ಒಮ್ಮೆ ಮಾತ್ರ.

ನೋಡಲಾಗದ ಚಿತ್ರಗಳಿಗೆ ಕೊನೆಯ ಸ್ಥಾನ ಕೊಡುವ ಅಭ್ಯಾಸ ಕೆಲವರಿಗಿದೆ. ಅವನ್ನು ಪಟ್ಟಿಯಿಂದಲೇ ಹೊರಗಿಟ್ಟು ‘ನೋಡಿಲ್ಲ’ ಎಂದು ಬರೆಯುವುದು ಸರಿ. ಅಕಾಡೆಮಿಯೇ 2026ರ ಸಮಾರಂಭದಿಂದ, ಒಂದು ವಿಭಾಗದ ಎಲ್ಲ ಚಿತ್ರಗಳನ್ನು ನೋಡಿದ ಸದಸ್ಯರಿಗೆ ಮಾತ್ರ ಆ ವಿಭಾಗದ ಅಂತಿಮ ಮತ ಎಂಬ ನಿಯಮ ತಂದಿದೆ. ಅದಕ್ಕೆ ಅಷ್ಟು ವರ್ಷ ಬೇಕಾಯಿತು ಎಂಬುದು ಬೇರೆ ಮಾತು.

‘ನನಗೆ ಯಾವುದು ಶ್ರೇಷ್ಠ’ ಎಂಬ ಪಟ್ಟಿಯನ್ನು ‘ಯಾವುದು ಗೆಲ್ಲುತ್ತದೆ’ ಎಂಬ ಪಟ್ಟಿಯೊಡನೆ ಬೆರೆಸಬಾರದು. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಇಡಿ. ನಾಮನಿರ್ದೇಶನಗಳ ಸಂಖ್ಯೆಯನ್ನು ಎಣಿಸಿ ಗೆಲುವನ್ನು ಊಹಿಸುವವರು 2017ನ್ನು ನೆನೆಯಬೇಕು: ‘ಲಾ ಲಾ ಲ್ಯಾಂಡ್’ 14 ನಾಮನಿರ್ದೇಶನ ಪಡೆದು, ನಿರ್ದೇಶನವೂ ಸೇರಿ ಆರು ಪ್ರಶಸ್ತಿ ಗೆದ್ದರೂ, ಅತ್ಯುತ್ತಮ ಚಿತ್ರದ ಪ್ರಶಸ್ತಿ ‘ಮೂನ್‌ಲೈಟ್’ ಪಾಲಾಯಿತು.

ಸ್ನೇಹಿತರ ಗುಂಪು ಒಟ್ಟಾಗಿ ತೀರ್ಪು ಕೊಡುವುದಾದರೆ ಅತ್ಯುತ್ತಮ ಚಿತ್ರಕ್ಕೆ ಅಕಾಡೆಮಿ ಬಳಸುವ ಪ್ರಾಶಸ್ತ್ಯ ಮತದ ಪದ್ಧತಿಯನ್ನೇ ಅನುಸರಿಸಬಹುದು. ಪ್ರತಿಯೊಬ್ಬರೂ ಒಂದು, ಎರಡು, ಮೂರು ಎಂದು ಕ್ರಮವಾಗಿ ಚಿತ್ರಗಳ ಹೆಸರು ಬರೆದ ಚೀಟಿ ಕೊಡಲಿ. ಒಂಬತ್ತು ಚೀಟಿಗಳಲ್ಲಿ ಯುದ್ಧದ ಚಿತ್ರಕ್ಕೆ ನಾಲ್ಕು, ಸಂಗೀತದ ಚಿತ್ರಕ್ಕೆ ಮೂರು, ಕೌಟುಂಬಿಕ ಚಿತ್ರಕ್ಕೆ ಎರಡು ಮೊದಲ ಪ್ರಾಶಸ್ತ್ಯ ಬಂದಿವೆಯೆನ್ನಿ. ಅರ್ಧಕ್ಕಿಂತ ಹೆಚ್ಚು, ಅಂದರೆ ಐದು, ಯಾರಿಗೂ ಬಂದಿಲ್ಲ. ತೀರಾ ಕಡಿಮೆ ಪಡೆದ ಕೌಟುಂಬಿಕ ಚಿತ್ರವನ್ನು ತೆಗೆದುಹಾಕಿ, ಅದರ ಎರಡು ಚೀಟಿಗಳನ್ನು ಅವುಗಳಲ್ಲಿನ ಎರಡನೆಯ ಪ್ರಾಶಸ್ತ್ಯಕ್ಕೆ ವರ್ಗಾಯಿಸಬೇಕು. ಆ ಇಬ್ಬರೂ ಸಂಗೀತದ ಚಿತ್ರವನ್ನು ಎರಡನೆಯದಾಗಿ ಬರೆದಿದ್ದರೆ ಅದಕ್ಕೆ ಐದಾಗುತ್ತದೆ, ಅದೇ ಗೆಲ್ಲುತ್ತದೆ. ನಾಲ್ವರು ಮೆಚ್ಚಿ ಉಳಿದ ಐವರು ದೂರವಿಟ್ಟ ಚಿತ್ರಕ್ಕಿಂತ, ಹೆಚ್ಚು ಜನ ಒಪ್ಪಬಲ್ಲ ಚಿತ್ರ ಮೇಲೆ ಬರುವುದು ಈ ಪದ್ಧತಿಯ ಸ್ವಭಾವ. ಅದು ಗುಣವೋ ದೋಷವೋ ಎಂಬ ಜಗಳ ಪ್ರತಿ ಗುಂಪಿನಲ್ಲೂ ಏಳುತ್ತದೆ. ಉಳಿದ ವಿಭಾಗಗಳಲ್ಲಿ ಅಕಾಡೆಮಿಯಂತೆ ನೀವೂ ಒಂದೇ ಮತ ಹಾಕಿ, ಹೆಚ್ಚು ಮತ ಬಂದವರನ್ನು ಗೆಲ್ಲಿಸಿ. ಕೊನೆಯ ಎರಡು ಚಿತ್ರಗಳಿಗೆ ಸಮನಾಗಿ ಮತ ಬಿದ್ದರೆ ಮೊದಲ ಸುತ್ತಿನಲ್ಲಿ ಮುಂದಿದ್ದದ್ದು ಗೆದ್ದಂತೆ ಎಂದೋ, ಎರಡೂ ಹಂಚಿಕೊಳ್ಳಲಿ ಎಂದೋ ಚೀಟಿ ಬಿಡಿಸುವ ಮೊದಲೇ ಮಾತಾಡಿಕೊಂಡಿರಿ. ಹೆಸರುಗಳು ಹೊರಬಿದ್ದ ಮೇಲೆ ಯಾರೂ ನಿಷ್ಪಕ್ಷಪಾತಿಗಳಾಗಿ ಉಳಿಯುವುದಿಲ್ಲ.