ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವ ಮುಂಚೆ ಒಮ್ಮೆ ಸಂಪಾಜೆ ಘಾಟಿ ಹತ್ತಿಸಿ

ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಬೇಡವೇ ಬೇಡ ಅನ್ನುತ್ತಿಲ್ಲ, ಪರೀಕ್ಷೆ ಮಾಡಿ ತಗೊಳ್ಳಿ.

ಶೋರೂಮಿನವರು ಹೇಳುವ ರೇಂಜ್ (ಒಮ್ಮೆ ಫುಲ್ ಚಾರ್ಜ್ ಮಾಡಿದರೆ ಓಡುವ ದೂರ) ನಮ್ಮ ಏರುರಸ್ತೆಯದ್ದಲ್ಲ. ಟೆಸ್ಟ್ ರೈಡ್ ಕೇಳಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಂಪಾಜೆಯಿಂದ ಮಡಿಕೇರಿಗೆ ಹತ್ತಿಸಿ. ಹೊರಡುವಾಗ, ಮುಟ್ಟಿದಾಗ ಚಾರ್ಜ್ ಎಷ್ಟಿತ್ತು ಬರೆದಿಟ್ಟುಕೊಳ್ಳಿ. ಸುಮ್ನೆ ಬ್ರೋಷರ್ ನಂಬಬೇಡಿ.

ಇಳಿಯುವಾಗಲೂ ಒಂದು ಸೂಕ್ಷ್ಮ ಇದೆ. ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ, ಹಿಡಿತವೂ ಕಡಿಮೆ. ಮಡಿಕೇರಿಯಿಂದ ಕೆಳಗೆ ಹೊರಡುವ ದಿನ ಶೇಕಡಾ 85–90ಕ್ಕೇ ಚಾರ್ಜ್ ನಿಲ್ಲಿಸಿ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಮನೆಯ ಸಣ್ಣ ಯುಪಿಎಸ್‌ನಲ್ಲಿ ಚಾರ್ಜ್ ಮಾಡುವ ಯೋಚನೆ ಬಿಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಹಳೇ ತೋಟದ ಮನೆಗಳಲ್ಲಿ ಎಷ್ಟೋ ಸಲ ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರೇ ಇರುವುದಿಲ್ಲ!

ಬ್ಯಾಟರಿ ಎಐಎಸ್-156 ಅನ್ನುವ ಸುರಕ್ಷತಾ ಪರೀಕ್ಷೆ ಪಾಸಾಗಿದೆಯಾ ಕೇಳಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸಿಕ್ಕರೆ ಒಳ್ಳೆಯದು. ಬೆಂಕಿಯ ಭಯ ಕಡಿಮೆ, ಕೋಬಾಲ್ಟ್ ಬೇಕಿಲ್ಲ. ನೀರು-ಧೂಳು ತಡೆಯುತ್ತದೆ ಅಂತ ಕೊಡುವ ಐಪಿ67 ರೇಟಿಂಗ್ ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ ಇಟ್ಟು ನೋಡುವ ಪರೀಕ್ಷೆ ಅಷ್ಟೇ. ಭಾಗಮಂಡಲದ ನೆರೆಯಲ್ಲಿ ಓಡಿಸೋಕೆ ಪರ್ಮಿಟ್ ಅಲ್ಲ.

ಹೊಗೆ ಬರಲ್ಲ ಅನ್ನೋದು ನಿಜ, ಆದರೆ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿ ಮಾಡುವ ಕರೆಂಟೂ ಗ್ರಿಡ್ಡಿಗೇ ಸೇರುತ್ತದೆ ಅಲ್ವಾ? ಬ್ಯಾಟರಿ ತಯಾರಿಸುವಾಗಿನ ಮಾಲಿನ್ಯ ದಿನಾ ಜಾಸ್ತಿ ಓಡಿಸಿದರೆ ಮಾತ್ರ ತೀರುವ ಸಾಲ. ವಾರಕ್ಕೊಮ್ಮೆ ಸಂತೆಗೆ ಹೋಗೋದಷ್ಟೇ ಆದರೆ ಹಳೇ ಗಾಡಿಯನ್ನೇ ಸರ್ವಿಸ್ ಮಾಡಿಸಿ.