ಆಯುಧಪೂಜೆ ಮುಗಿದ ಮೇಲೆ ಕಾರಿನ ಕಲೆ

ಆಯುಧಪೂಜೆ ಮುಗಿದು ವಾರವಾದರೂ ನಮ್ಮ ಬೀದಿಯ ಕಾರುಗಳ ಮೈಮೇಲಿಂದ ಹಬ್ಬ ಇಳಿದಿರುವುದಿಲ್ಲ. ಬಾನೆಟ್ ಮೇಲೆ ಒಣಗಿದ ಕುಂಕುಮ, ಗಾಜಿಗೆ ಸೆಲ್ಲೋಟೇಪಿನ ಅಂಟು, ಬಂಪರ್ ಪಕ್ಕದಲ್ಲಿ ಬಾಳೆಕಂದಿನ ಕಪ್ಪು ಗೆರೆ. ಏನೇ ಇರಲಿ, ಕೆರೆಯಬೇಡಿ. ನಮ್ಮ ಬಿಳಿ ಮಾರುತಿ 800 ಹೊಸದಾಗಿದ್ದಾಗ ಪಾತ್ರೆ ಉಜ್ಜುವ ಸ್ಟೀಲ್ ನಾರಿನಲ್ಲಿ ನಾನೇ ಕುಂಕುಮ ತಿಕ್ಕಿದ್ದೆ. ಕುಂಕುಮ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಕಾರು ಮಾರುವ ತನಕ ಮನೆಯವರು ಅದನ್ನು ನೆನಪಿಸದ ಹಬ್ಬವಿಲ್ಲ.

ಕುಂಕುಮವನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಅದರ ಜೊತೆಗಿನ ಧೂಳು ಉಪ್ಪುಕಾಗದದ ಹಾಗೆ ಗೀರುತ್ತದೆ. ಮೊದಲು ಪೈಪಿನಲ್ಲಿ ನೀರು ಹರಿಸಿ, ಪುಡಿ ತಾನಾಗಿ ಇಳಿಯಲಿ. ಆಮೇಲೆ ಕಾರ್ ಶಾಂಪೂ, ಮೆತ್ತನೆಯ ಬಟ್ಟೆ. ಅರಿಶಿನದ ಹಳದಿ ಸ್ವಲ್ಪ ಉಳಿದರೆ ಚಿಂತೆ ಬೇಡ, ಕಾರನ್ನು ನಾಲ್ಕು ದಿನ ಬಿಸಿಲಲ್ಲಿ ನಿಲ್ಲಿಸಿ. ಬಟ್ಟೆಯ ಅರಿಶಿನ ಬಿಸಿಲಿಗೆ ಮಾಸುತ್ತದೆ ಅಲ್ವಾ, ಹಾಗೇ.

ಟೇಪಿನ ಅಂಟಿಗೆ ಕೊಬ್ಬರಿ ಎಣ್ಣೆ. ಹಚ್ಚಿ ಹತ್ತು ನಿಮಿಷ ಸುಮ್ನೆ ಬಿಟ್ಟು, ಬೆರಳಲ್ಲಿ ಉಜ್ಜಿ ಉಂಡೆ ಮಾಡಿ ತೆಗೆಯಿರಿ. ಹಲಸಿನ ಮೇಣಕ್ಕೆ ಕೈಗೆ ಎಣ್ಣೆ ಹಚ್ಚುವುದಿಲ್ವಾ, ಅದೇ ಉಪಾಯ. ರಸ್ತೆಯ ಡಾಂಬರಿನ ಚುಕ್ಕೆಗೂ ಇದು ನಡೆಯುತ್ತದೆ, ಆದರೆ ಎರಡು ಮೂರು ಸಲ ಹಚ್ಚಬೇಕು. ಕೊನೆಗೆ ಶಾಂಪೂ ಹಾಕಿ ಜಿಡ್ಡು ತೆಗೆಯಿರಿ, ಇಲ್ಲದಿದ್ದರೆ ಅಲ್ಲೇ ಧೂಳು ಕೂರುತ್ತದೆ.

ಬಾಳೆಯ ಕರೆ ಮಾತ್ರ ಹಟಮಾರಿ. ಅದೇ ಸಂಜೆ ತೊಳೆದರೆ ಸುಲಭ. ಒಣಗಿಬಿಟ್ಟಿದ್ದರೆ ಒದ್ದೆ ಬಟ್ಟೆಯನ್ನು ಇಪ್ಪತ್ತು ನಿಮಿಷ ಮೇಲೆ ಹೊದಿಸಿ. ಆಮೇಲೂ ಉಳಿದರೆ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಅದ್ದಿ ಹಗುರವಾಗಿ ಒರೆಸಿ, ತಕ್ಷಣ ತೊಳೆಯಿರಿ. ಮತ್ತೆ ಪೇಂಟ್ ಮಾಡಿಸಿದ ಕಾರಾದರೆ ಮೊದಲು ಕಾಣದ ಮೂಲೆಯಲ್ಲಿ ನೋಡಿ, ಬಣ್ಣವೇ ಬಟ್ಟೆಗೆ ಬರಬಹುದು. ಮುಂದಿನ ವರ್ಷ ಕಂದು ಕಟ್ಟುವ ಮುಂಚೆ ಕಡಿದ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ. ನಾನು ಈಗ ಹಾಗೇ ಮಾಡುವುದು.

ಹಕ್ಕಿ ಹಿಕ್ಕೆಗೆ ಭಾನುವಾರದ ತನಕ ಕಾಯಬೇಡಿ. ಅದರಲ್ಲಿ ಆಮ್ಲವಿದೆ, ಬಿಸಿಲಿಗೆ ಕಾದ ಬಣ್ಣವನ್ನು ತಿನ್ನುತ್ತದೆ. ನೆನೆಸಿ, ಎತ್ತಿ ತೆಗೆಯಿರಿ.

ಬೋರ್‌ವೆಲ್ ನೀರಿನ ಬಿಳಿ ಚುಕ್ಕೆ ಸುಣ್ಣದ್ದು, ಸೋಪಿಗೆ ಜಗ್ಗುವುದಿಲ್ಲ. ವಿನೆಗರ್‌ಗೆ ಸಮ ನೀರು ಬೆರೆಸಿ ಒರೆಸಿ, ಒಂದು ನಿಮಿಷದೊಳಗೆ ತೊಳೆದುಬಿಡಿ. ಪೂಜೆಯಲ್ಲಿ ಉಳಿದ ನಿಂಬೆಹಣ್ಣು ಇದೆಯಲ್ಲ ಅಂತ ನೇರವಾಗಿ ಹಿಂಡಿ ಉಜ್ಜಬೇಡಿ, ಅದೂ ಆಮ್ಲವೇ. ಇದನ್ನೆಲ್ಲ ಬೆಳಿಗ್ಗೆ ಬಿಸಿಲೇರುವ ಮುಂಚೆ, ಬಾನೆಟ್ ಕೈಗೆ ತಣ್ಣಗಿರುವಾಗ ಮಾಡಿ. ನೀರನ್ನು ಹಾಗೇ ಆರಲು ಬಿಡದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಇಲ್ಲವಾದರೆ ಮಧ್ಯಾಹ್ನದ ಹೊತ್ತಿಗೆ ಅದೇ ಬಿಳಿ ಚುಕ್ಕೆಗಳು ವಾಪಸ್ ಬಂದಿರುತ್ತವೆ.